ತವರಿನ ಬಾಣಂತನವನ್ನೂ ಲೆಕ್ಕಕ್ಕೆ ಹಿಡಿಯಿರಿ

ಹೆರಿಗೆಯಾಗುವ ಪ್ರತಿ ಆಸ್ಪತ್ರೆಯಲ್ಲೂ ಶಿಶುವಿನ ಶ್ರವಣ ತಪಾಸಣೆ ಕಡ್ಡಾಯವಾಗಲಿ ಎಂದು ಲೇಖನವೊಂದರಲ್ಲಿ ಓದಿದೆ; ಆ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ನನ್ನ ಮಗಳು ಹುಟ್ಟಿದ್ದು ಬಾಗಲಕೋಟೆ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ. ಅಲ್ಲಿ ಕಿವಿಯ ಮಾತನ್ನು ಯಾರೂ ಎತ್ತಲಿಲ್ಲ. ಕರೆದರೆ ತಿರುಗುವುದಿಲ್ಲ ಎಂದಾಗ ಅತ್ತೆಯವರು ಹಿಂದೆ ನಿಂತು ತಾಟು ಬಡಿದು ನೋಡಿದರು. ಮಗು ಬೆಚ್ಚಿತು, ನಾವು ನಿಶ್ಚಿಂತರಾದೆವು. ಅದು ನೆಲದ ಅದುರುವಿಕೆಗೋ ಗಾಳಿಯ ಅಲುಗಾಟಕ್ಕೋ ಬೆಚ್ಚಿರಬಹುದು ಎಂದು ನಮಗೆ ಹೇಗೆ ಹೊಳೆಯಬೇಕು? ‘ಇವಳಪ್ಪನೂ ತಡವಾಗಿಯೇ ಮಾತಾಡಿದ’ ಎಂಬ ಸಮಾಧಾನದಲ್ಲಿ ಎರಡೂವರೆ ವರ್ಷ ಕಳೆದುಹೋಯಿತು.

1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ಖಚಿತ ನಿರ್ಣಯ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬ ನಿಯಮವನ್ನು ನಾನು ಕೇಳಿದ್ದು ಆಮೇಲೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ. ಮಲಗಿರುವ ಮಗುವಿನ ಕಿವಿಗೆ ಪುಟ್ಟ ನಳಿಕೆ ಇಟ್ಟು ಕೆಲವೇ ನಿಮಿಷಗಳಲ್ಲಿ ಮುಗಿಸುವ, ಸ್ವಲ್ಪವೂ ನೋವಿಲ್ಲದ ಪರೀಕ್ಷೆ ಅದು.

ಒಂದು ಮಾತು ಸೇರಿಸುತ್ತೇನೆ. ಹುಟ್ಟಿದ ಮೊದಲೆರಡು ದಿನ ಕಿವಿಯಲ್ಲಿ ದ್ರವ ಉಳಿದಿದ್ದರೆ ಚೆನ್ನಾಗಿ ಕೇಳುವ ಮಗುವಿಗೂ ಮರುಪರೀಕ್ಷೆ ಬೇಕಾಗಬಹುದು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತಿ ತವರೂರು ಮುಧೋಳದಲ್ಲಿ ಹೆತ್ತು ಗಂಡನ ಊರು ಇಂಡಿಗೆ ಮರಳಿದರೆ ಮರುಪರೀಕ್ಷೆಗೆ ಅವಳನ್ನು ಕರೆಯುವವರು ಯಾರು? ತಾಯಿ ಕಾರ್ಡಿನಲ್ಲಿ ಲಸಿಕೆಯ ಪಕ್ಕದಲ್ಲೇ ಕಿವಿಯ ಫಲಿತಾಂಶವನ್ನೂ ಬರೆಯಲಿ, ಗಂಡನ ಊರಿನ ಆಶಾ ಕಾರ್ಯಕರ್ತೆಗೂ ಅದು ತಲುಪಲಿ.