ಸೂಜಿ ನೋಡದೆ 1,173 ಸಲ
ಆಸ್ಟ್ರೇಲಿಯಾದ ರೈಲ್ವೆ ಗುಮಾಸ್ತ ಜೇಮ್ಸ್ ಹ್ಯಾರಿಸನ್ ಬಗ್ಗೆ ಓದಿ ಖುಷಿಯಾಯಿತು. 14ನೇ ವಯಸ್ಸಿನಲ್ಲಿ ಆಪರೇಷನ್ ಆದಾಗ ಯಾರ್ಯಾರದೋ ರಕ್ತ ಅವರನ್ನು ಉಳಿಸಿತು. ಆ ಋಣಕ್ಕೆ 1954ರಿಂದ 2018ರವರೆಗೆ 1,173 ಸಲ ರಕ್ತ, ಪ್ಲಾಸ್ಮಾ (ರಕ್ತದ ದ್ರವ ಭಾಗ) ಕೊಟ್ಟರು. ಆ ಪ್ಲಾಸ್ಮಾದಿಂದ ಆ್ಯಂಟಿ-ಡಿ ಅನ್ನುವ ಇಂಜೆಕ್ಷನ್ ತಯಾರಿಸುತ್ತಿದ್ದರು. ತಾಯಿಯ ರಕ್ತದ ಗುಂಪು ನೆಗೆಟಿವ್, ಮಗುವಿನದು ಪಾಸಿಟಿವ್ ಆದರೆ ಮುಂದಿನ ಮಗುವಿಗೆ ತೊಂದರೆ ಆಗದಂತೆ ಕೊಡುವುದು.

ನನ್ನ ಹೆಂಡತಿಯೂ ಒ ನೆಗೆಟಿವ್. ಹೆರಿಗೆಯ ಮರುದಿನ ಆ ಪುಟ್ಟ ಸೀಸೆಯನ್ನು ಐಸ್ ಪ್ಯಾಕ್‌ನಲ್ಲಿಟ್ಟುಕೊಂಡು ಮೆಡಿಕಲ್ ಶಾಪಿನಿಂದ ಓಡಿ ಬಂದಿದ್ದೆ. ರೇಟು ಜಾಸ್ತಿ ಅಂತ ಗೊಣಗಿದ್ದೆ ಬೇರೆ! ಅದರ ಹಿಂದೆ ಯಾರದೋ ತೋಳು ಇರುತ್ತದೆ ಅಂತ ಹೊಳೆದೇ ಇರಲಿಲ್ಲ.

ಅಂದಹಾಗೆ, ಹ್ಯಾರಿಸನ್‌ಗೆ ಸೂಜಿ ಅಂದರೆ ಭಯವಂತೆ. ಚುಚ್ಚುವಾಗ ಸುಮ್ನೆ ಬೇರೆ ಕಡೆ ನೋಡುತ್ತಾ ಕೂರುತ್ತಿದ್ದರಂತೆ. ನಾನೂ ಹಾಗೇನೇ.