ಪ್ರಿಂಟರ್ ಪಾಸು, ಬಿಲ್ಲು ಫೇಲು

ತಿಪಟೂರಿನಲ್ಲಿ ನಮ್ಮ ಸೋದರಮಾವನದು ಕೊಬ್ಬರಿ ಮಂಡಿ. ಅಲ್ಲಿ ಬಿಲ್ ಹೊಡೆಯೋದಕ್ಕೆ ಇವತ್ತಿಗೂ ಎಪ್ಸನ್ ಎಲ್‌ಎಕ್ಸ್-300+ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ಗತಿ. 9 ಪಿನ್ನುಗಳು ರಿಬ್ಬನ್ ಮೇಲೆ ಕುಟ್ಟುವ ಹೊಡೆತಕ್ಕೆ ಕಾರ್ಬನ್ ಕೆಳಗಿನ ಪ್ರತಿಯೂ ಮೂಡುತ್ತದೆ. "ನಿಮ್ಮ ಲೇಸರ್ ಪ್ರಿಂಟರಿಗೆ ಈ ಯೋಗ್ಯತೆ ಇದೆಯಾ?" ಅಂತ ಮಾವ ಕೇಳುತ್ತಾರೆ. ಇಲ್ಲ, ಸುಮ್ನಿರಬೇಕು.

ಒಂದು ಹರಾಜಿನ ದಿನ ರೈತರೊಬ್ಬರಿಗೆ 24,680.00 ರೂಪಾಯಿ ಕೊಡಬೇಕಿತ್ತು. ಚೀಟಿಯಲ್ಲಿ ಬಂದದ್ದು 35-791/11. ಖಾಲಿ ಜಾಗ ಇರಬೇಕಾದ ಕಡೆಯೆಲ್ಲ ಆಶ್ಚರ್ಯಸೂಚಕ ಚಿಹ್ನೆ. ಬೆಲೆ ನೋಡಿ ಪ್ರಿಂಟರಿಗೇ ಗಾಬರಿಯಾದ ಹಾಗಿತ್ತು. ರೈತರು ಮಾತ್ರ ಗಾಬರಿಯಾಗಲಿಲ್ಲ. "ಮೂವತ್ತೈದು ಸಾವಿರ ಅಂತ ನೀವೇ ಬರೆದಿದ್ದೀರಲ್ಲ ಸ್ವಾಮಿ" ಅಂತ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಬೆಂಚಿನ ಮೇಲೆ ಕೂತರು.

ನಾನು ಕಂಪ್ಯೂಟರ್ ಓದಿದವನು. ಅಂದರೆ ನೆಂಟರಿಷ್ಟರ ಮನೆಯಲ್ಲಿ ಪ್ಲಗ್ಗಿರುವ ವಸ್ತು ಯಾವುದು ಕೆಟ್ಟರೂ ನನಗೇ ಫೋನು. ಹೋದೆ.

ಈ ಪ್ರಿಂಟರಿಗೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ವಿದ್ಯೆ ಹುಟ್ಟಿನಿಂದಲೇ ಬಂದಿದೆ. ಕಾಗದ ಮುಂದಕ್ಕೆ ಸರಿಸುವ ಎಲ್‌ಎಫ್/ಎಫ್‌ಎಫ್ ಬಟನ್ ಒತ್ತಿಕೊಂಡೇ ಸ್ವಿಚ್ ಹಾಕಿದರೆ ಸಾಕು, ಅಕ್ಷರಮಾಲೆ ಶುರು. ಪ್ರತಿ ಸಾಲೂ ಒಂದೊಂದು ಅಕ್ಷರ ಮುಂದಕ್ಕೆ ಜಾರುತ್ತದೆ. ಪಾಜ್ (Pause) ಬಟನ್ ಒತ್ತುವವರೆಗೂ ನಿಲ್ಲಿಸೋದಿಲ್ಲ. ಮಾವ ಗಾಬರಿಯಿಂದ "ಪೇಪರ್ ರೇಟ್ ಎಷ್ಟು ಗೊತ್ತಾ?" ಅಂತ ಕೂಗಿದರು. ಒಂದು ಅಕ್ಷರವೂ ತಪ್ಪಿಲ್ಲ, ಒಂದು ಚುಕ್ಕಿಯೂ ಮಾಯವಾಗಿಲ್ಲ. ಮತ್ತೆ ಬಿಲ್ ಹೊಡೆದರೆ ಅದೇ 35-791/11. ರೈತರು ಬೆಂಚಿನಿಂದಲೇ "ನೋಡಿ, ಮತ್ತೆ ಅದೇ ಬಂತಲ್ವಾ" ಅಂದರು.

ಅದು ತಾನೇ ಪ್ರಶ್ನೆ ಕೊಟ್ಟು, ತಾನೇ ಉತ್ತರ ಬರೆದು, ತಾನೇ ನೂರಕ್ಕೆ ನೂರು ಹಾಕಿಕೊಳ್ಳುವ ಪರೀಕ್ಷೆ. ಆ ಹೊತ್ತಿನಲ್ಲಿ ಕಂಪ್ಯೂಟರಿನ ಮಾತು ಅದರ ಕಿವಿಗೇ ಬೀಳೋದಿಲ್ಲ.

ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ಮರ್ಯಾದೆ ಜಾಸ್ತಿ. ಎಲ್‌ಎಫ್/ಎಫ್‌ಎಫ್ ಜೊತೆಗೆ ಲೋಡ್/ಇಜೆಕ್ಟ್ ಬಟನ್ನೂ ಒತ್ತಿಕೊಂಡು ಸ್ವಿಚ್ ಹಾಕಬೇಕು. ಇದು ಹೆಕ್ಸ್ ಡಂಪ್. ಆಗ ಕಂಪ್ಯೂಟರ್ ಹೇಳಿದ್ದನ್ನೆಲ್ಲ ಪ್ರಿಂಟರ್ ತನಗೆ ಕೇಳಿಸಿದ ಹಾಗೇ, ಸಂಕೇತಗಳಲ್ಲಿ ಒಪ್ಪಿಸುತ್ತದೆ. ಬಿಲ್ ಕಳಿಸಿದೆ. ಎಡಗಡೆ ಸಾಲುಸಾಲು ಸಂಕೇತ, ಬಲಗಡೆ ಅಕ್ಷರ. ಮಾವ ಇಣುಕಿ ನೋಡಿ, "ಯಾರೋ ಮಾಟ ಮಾಡಿಸಿದ್ದಾರೆ" ಅಂದರು.

ಹಾಳೆಯಲ್ಲಿ ಹುಡುಕಿದರೂ ಒಂದು ಸಮ ಸಂಖ್ಯೆ ಇಲ್ಲ! ಖಾಲಿ ಜಾಗದ ಸಂಕೇತ 20. ಇಲ್ಲಿ ಎಲ್ಲ ಕಡೆ 21, ಅದು ಆಶ್ಚರ್ಯಸೂಚಕದ್ದು. ಸೊನ್ನೆಗೆ 30 ಬರಬೇಕಾದಲ್ಲಿ 31, ಅಂದರೆ ಒಂದು. ಒಂದೊಂದು ಅಕ್ಷರವೂ ಕೇಬಲ್ಲಿನ ಎಂಟು ತಂತಿಗಳಲ್ಲಿ ಸೊನ್ನೆ ಅಥವಾ ಒಂದಾಗಿ ಬರುತ್ತದೆ. ಅದರಲ್ಲಿ ಅತಿ ಚಿಕ್ಕ ಸ್ಥಾನಬೆಲೆಯ, ಅಂದರೆ ಸಂಕೇತ ಸಮವೋ ಬೆಸವೋ ಅಂತ ತೀರ್ಮಾನಿಸುವ ತಂತಿ ಕಡಿದುಹೋಗಿತ್ತು. ಆ ಕಡೆಯಿಂದ ಸೊನ್ನೆ ಅಂತ ಎಳೆಯುವವರು ಇಲ್ಲದಿದ್ದರೆ ಪ್ರಿಂಟರ್ ಅದನ್ನು ಒಂದು ಅಂತಲೇ ಓದುತ್ತದೆ. ಹಾಗಾಗಿ ಸಮ ಅಂಕೆಗಳೆಲ್ಲ ಒಂದು ಮೆಟ್ಟಿಲು ಮೇಲಕ್ಕೆ, ಬೆಸ ಅಂಕೆಗಳು ಇದ್ದಲ್ಲೇ. ಮೊತ್ತ ಏರಬಹುದೇ ಹೊರತು ಇಳಿಯೋ ಹಾಗಿಲ್ಲ.

ತಂತಿ ಕಡಿಯದೆ ಇದ್ದರೆ ಬೀಪ್ ಅನ್ನುವ ಮಲ್ಟಿಮೀಟರ್ ಹಿಡಿದೆ. ಕೇಬಲ್ಲಿನ 25 ಪಿನ್ನಿನ ತುದಿಯಲ್ಲಿ 2ನೇ ಪಿನ್ನಿಗೆ ಇಟ್ಟಾಗ ಮಾತ್ರ ಬೀಪ್ ಬರಲಿಲ್ಲ. ಹೊಸ ಕೇಬಲ್ ಹಾಕಿದ ಮೇಲೆ 24,680.00 ಅಂತಲೇ ಬಂತು. ರೈತರು ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿ, "ರಿಪೇರಿ ಮಾಡಿ ಕೆಡಿಸಿಬಿಟ್ರಿ" ಅಂತ ದುಡ್ಡು ಎಣಿಸಿಕೊಂಡು ಹೋದರು.

ಹಳೇ ಕೇಬಲ್ ಬಿಸಾಕಲು ಹೊರಟೆ. ಮಾವ ಕೈಯಿಂದ ಕಿತ್ತುಕೊಂಡರು. ಕೊಬ್ಬರಿ ತಗೊಂಡು ಬಾಕಿ ಉಳಿಸಿಕೊಂಡಿರುವ ವ್ಯಾಪಾರಿಗಳ ಪಟ್ಟಿ ತೆಗೆದು, ಯಾರ ಬಾಕಿಯಲ್ಲಿ ಸಮ ಅಂಕೆ ಜಾಸ್ತಿ ಇದೆ ಅಂತ ಹುಡುಕತೊಡಗಿದರು.