273 ಮರೆತ ಲೆಕ್ಕ

ಬಿಸಿ ಕಡೆ 100 ಡಿಗ್ರಿ, ತಣ್ಣನೆ ಕಡೆ 30 ಡಿಗ್ರಿ. ಈ ಎರಡರ ನಡುವೆ ಓಡುವ ಇಂಜಿನ್ನಿನ ದಕ್ಷತೆ, ಅಂದರೆ ಕೊಟ್ಟ ಶಾಖದಲ್ಲಿ ಕೆಲಸವಾಗಿ ಬದಲಾಗುವ ಪಾಲು, ಹೆಚ್ಚೆಂದರೆ ಎಷ್ಟು? ಪರೀಕ್ಷೆಯಲ್ಲಿ ಈ ಪ್ರಶ್ನೆ ನೋಡಿ ನಾನು ಹಿಗ್ಗಿ ಹೀರೇಕಾಯಿಯಾದೆ. ಸೂತ್ರ ಬಾಯಿಗೇ ಬರುತ್ತಿತ್ತು: ತಣ್ಣನೆಯದನ್ನು ಬಿಸಿಯದರಿಂದ ಭಾಗಿಸು, ಬಂದದ್ದನ್ನು ಒಂದರಿಂದ ಕಳೆ. ಶೇ. 70 ಅಂತ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಉತ್ತರ ಪತ್ರಿಕೆ ವಾಪಸ್ ಬಂದಾಗ ಆ ಗೆರೆಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಇಷ್ಟೇ ಇತ್ತು: ‘273?’

ಕೂಡಿಸಿ ನೋಡಿದೆ. 373 ಮತ್ತು 303. ಉತ್ತರ ಶೇ. 19ರ ಹತ್ತಿರ. ನನ್ನ ಎಪ್ಪತ್ತು ಎಲ್ಲಿ ಹೋಯಿತು? ಅದು ಇರಲೇ ಇಲ್ಲ ಅನ್ನಿ. ಸೆಲ್ಸಿಯಸ್ಸಿನ ಸೊನ್ನೆ ಅಂದರೆ ನೀರು ಹೆಪ್ಪುಗಟ್ಟುವ ಜಾಗ, ಅಷ್ಟೇ. ಶಾಖದ ತಳ ಅದಲ್ಲ, ತಳ ಇರುವುದು ಅದಕ್ಕಿಂತ ಸುಮಾರು 273 ಡಿಗ್ರಿ ಕೆಳಗೆ. ಸೂತ್ರಕ್ಕೆ ಹಾಕುವ ಮೊದಲು ಅಲ್ಲಿಂದ ಎಣಿಸಬೇಕಿತ್ತು. ಏಣಿಯ ನಡುವೆ ನಿಂತು, ಅಲ್ಲಿಂದಲೇ ಒಂದು, ಎರಡು ಅಂತ ಮೆಟ್ಟಿಲು ಎಣಿಸಿದ ಹಾಗೆ. ನನ್ನ ಲೆಕ್ಕವನ್ನೇ ನಂಬಿದರೆ, ತಣ್ಣನೆ ಕಡೆ ಒಂದಿಷ್ಟು ಮಂಜುಗಡ್ಡೆ ಇಟ್ಟರೆ ಸಾಕು, ದಕ್ಷತೆ ನೂರಕ್ಕೆ ನೂರು! ಇನ್ನೂ ತಣ್ಣಗೆ ಮಾಡಿದರೆ ನೂರನ್ನೂ ದಾಟುತ್ತದೆ. ಸುಮ್ನೆ ಕೊಟ್ಟದ್ದಕ್ಕಿಂತ ಜಾಸ್ತಿ ಕೆಲಸ ಮಾಡಿಕೊಡುವ ಯಂತ್ರ ಯಾರಿಗೆ ಬೇಡ?

ನನಗೊಂದು ಸಮಾಧಾನವಿದೆ. ಈ ವಿಚಾರದ ಮೂಲಪುರುಷ, ಫ್ರಾನ್ಸಿನ ಸಾದಿ ಕಾರ್ನೋ ಹತ್ತಿರವೂ ಈ ಸೂತ್ರ ಇರಲಿಲ್ಲ. 1824ರಲ್ಲಿ ಆತ ಹೇಳಿದ್ದು ಇಷ್ಟು: ಒಳಗೆ ಹಬೆಯಿರಲಿ, ಗಾಳಿಯಿರಲಿ, ಇಂಜಿನ್ನಿನ ಮಿತಿಯನ್ನು ನಿರ್ಧರಿಸುವುದು ಎರಡು ತಾಪಮಾನಗಳು ಮಾತ್ರ. ಶಾಖವನ್ನು ಆತ ಎತ್ತರದಿಂದ ಬೀಳುವ ನೀರಿನಂತೆ ಕಲ್ಪಿಸಿಕೊಂಡಿದ್ದ. ಬೀಳುವಾಗ ಶಾಖ ಒಂದಿಷ್ಟೂ ಕಮ್ಮಿಯಾಗುವುದಿಲ್ಲ ಅಂತಲೇ ನಂಬಿದ್ದ. ನಂಬಿಕೆ ತಪ್ಪು, ತೀರ್ಮಾನ ಸರಿ. ನನ್ನದು ಉಲ್ಟಾ: ಸೂತ್ರ ಸರಿ, ತೀರ್ಮಾನ ತಪ್ಪು. ಆತ 36ನೇ ವಯಸ್ಸಿಗೇ ತೀರಿಕೊಂಡ. ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್, ತಾಪಮಾನವನ್ನು ನಿಜವಾದ ತಳದಿಂದ ಎಣಿಸೋಣ ಅಂದದ್ದು 1848ರಲ್ಲಿ.

ಈ ಸೂತ್ರದಲ್ಲಿ ನನಗೆ ಇಷ್ಟವಾಗುವುದು ಕೆಳಗಿನ ತಾಪಮಾನ. ಇಂಜಿನ್ ಅಂದ ತಕ್ಷಣ ಎಲ್ಲರ ಕಣ್ಣೂ ಬೆಂಕಿಯ ಕಡೆ ಹೋಗುತ್ತದೆ, ಅಲ್ವಾ? ಆದರೆ ಬಿಸಿಯನ್ನು 10 ಡಿಗ್ರಿ ಏರಿಸುವುದಕ್ಕಿಂತ ತಂಪನ್ನು 10 ಡಿಗ್ರಿ ಇಳಿಸಿದರೇ ಲಾಭ ಜಾಸ್ತಿ. ಮೊದಲಿನ ಲೆಕ್ಕದಲ್ಲೇ ನೋಡಿ. ಬಿಸಿಯನ್ನು 110 ಮಾಡಿದರೆ ಶೇ. 20.9, ತಂಪನ್ನು 20 ಮಾಡಿದರೆ ಶೇ. 21.4. ತೊಂದರೆ ಏನೆಂದರೆ ಒಲೆಯನ್ನು ನಾವು ಉರಿಸಬಹುದು. ಕೆಳಗಿನದು ನದಿಯದ್ದೋ ಗಾಳಿಯದ್ದೋ. ನಮ್ಮ ಮಾತು ಕೇಳುವುದಿಲ್ಲ.

ಹಾಗಾಗಿಯೇ ವಿದ್ಯುತ್ ಸ್ಥಾವರಗಳಲ್ಲಿ ಹಬೆಯನ್ನು 540 ಡಿಗ್ರಿಯ ಆಸುಪಾಸಿಗೆ ಕಾಯಿಸುತ್ತಾರೆ. ತಣ್ಣನೆ ಕಡೆ 30 ಅಂತ ಹಿಡಿದರೆ ಕಾರ್ನೋ ಲೆಕ್ಕ ಶೇ. 63ರ ತನಕ ಹೋಗುತ್ತದೆ. ನಿಜವಾಗಿ ಸಿಗುವುದು ಸುಮಾರು 40. ಪೂರ್ತಿ 63 ಬೇಕೆಂದರೆ ಒಂದಿಷ್ಟೂ ಘರ್ಷಣೆ ಇರಬಾರದು, ಯಂತ್ರವನ್ನು ಕೊನೆಯಿಲ್ಲದಷ್ಟು ನಿಧಾನವಾಗಿ ಓಡಿಸಬೇಕು. ಅಷ್ಟು ನಿಧಾನಕ್ಕೆ ಓಡಿದರೆ ಒಂದು ಬಲ್ಬೂ ಹೊತ್ತುವುದಿಲ್ಲ.

ಸ್ಥಾವರದ ದೊಡ್ಡ ಕೂಲಿಂಗ್ ಟವರಿನಿಂದ ಏಳುವ ಬಿಳಿ ಮೋಡವನ್ನು ನಾನು ಬಹಳ ದಿನ ಹೊಗೆ ಅಂದುಕೊಂಡಿದ್ದೆ. ಅದು ಬರೀ ನೀರಿನ ಹನಿಗಳು. ತಣ್ಣನೆ ಕಡೆಗೆ ಕೊಡಲೇಬೇಕಾದ ಪಾಲು ಅಲ್ಲಿ ಆಕಾಶಕ್ಕೆ ಹೋಗುತ್ತಿರುತ್ತದೆ. ಈಗ ಅದನ್ನು ಕಂಡರೆ ಕೈ ತಾನಾಗಿ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯುತ್ತದೆ. ಮೊದಲು ಒತ್ತುವುದು 273.